ಗುಬ್ಬಿಯ ಪೆಟ್ಟಿಗೆ, ಕಾರಂತರ ಕಲ್ಲು

ತುಮಕೂರು ಸೀಮೆಯ ಹಳ್ಳಿಗಳಲ್ಲಿ ರಾಗಿ ಕಣ ಮುಗಿದು ಜಾತ್ರೆಗಳು ಶುರುವಾದವೆಂದರೆ, ಯಾವುದಾದರೊಂದು ಊರಿನ ಬಯಲಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’ ನಡೆಯುತ್ತಲೇ ಇರುತ್ತದೆ. ಆಡುವವರು ರೈತರು, ಅಂಗಡಿಯವರು, ಲೈನ್‌ಮ್ಯಾನ್‌ಗಳು, ಲಾರಿ ಡ್ರೈವರುಗಳು. ಅವರಿಗೆ ಮೂರು-ನಾಲ್ಕು ತಿಂಗಳು ಹಾಡು-ಮಾತು ಕಲಿಸಿ, ಆಟದ ರಾತ್ರಿ ರಂಗದ ಮುಂದೆ ಕೂತು ಬೆಳಕು ಹರಿಯುವ ತನಕ ಲೆಗ್ ಹಾರ್ಮೋನಿಯಂ ತುಳಿಯುವವನು ಡ್ರಾಮಾ ಮೇಷ್ಟ್ರು. ನಾನು ಅಂಥ ಒಬ್ಬ ಮೇಷ್ಟ್ರು. ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆ, ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ಕಲಿತದ್ದು ಗುಬ್ಬಿಯಲ್ಲಿ, ಮನೆ ಮಾಡಿಕೊಂಡಿರುವುದು ತುಮಕೂರಿನಲ್ಲಿ.

ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿರುವುದು ಬಿ.ವಿ. ಕಾರಂತರ ವಿಷಯ. ಕನ್ನಡ ರಂಗಭೂಮಿಯಲ್ಲಿ ಸಂಗೀತದ ಪ್ರಯೋಗ ಅಂದಕೂಡಲೇ ಬರುವ ಮೊದಲ ಹೆಸರು ಅವರದು. ಅವರು ಕಲ್ಲು ಕುಟ್ಟಿ ಸಂಗೀತ ಮಾಡಿದರು, ತಗಡು ಬಡಿದು ಮಾಡಿದರು, ಉಸಿರನ್ನೇ ಹಾಡಾಗಿಸಿದರು ಅಂತ ಹೇಳುವವರು ಅದೆಲ್ಲ ದೆಹಲಿಯಿಂದಲೋ ಹೊರದೇಶದ ನಾಟಕದಿಂದಲೋ ಬಂದದ್ದು ಅನ್ನುವ ಹಾಗೆ ಹೇಳುತ್ತಾರೆ. ಪೆಟ್ಟಿಗೆಯ ಹಿಂದೆ ಕೂತವನ ಕಣ್ಣಿಗೆ ಅದು ಬೇರೆ ರೀತಿ ಕಾಣುತ್ತದೆ. ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳು ಪರದೆಯ ಹಿಂದೆ ಇಟ್ಟುಕೊಂಡಿದ್ದ ಸದ್ದುಗಳನ್ನು ಕಾರಂತರು ಪರದೆಯ ಮುಂದೆ ತಂದು ಕೂರಿಸಿದರು. ಇದು ನನ್ನ ಮಾತು. ಇದನ್ನು ಹೇಳಲು ಗುಬ್ಬಿಯಿಂದಲೇ ಶುರುಮಾಡಬೇಕು.

ತುಮಕೂರಿನಿಂದ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಗುಬ್ಬಿ. ಊರದೇವರು ಚನ್ನಬಸವೇಶ್ವರ. ಆ ದೇವರ ಹೆಸರಿನಲ್ಲಿ 1884ರಲ್ಲಿ ಅಲ್ಲಿ ನಾಟಕ ಸಂಘವೊಂದು ಹುಟ್ಟಿತು. ಹುಟ್ಟಿಸಿದವರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಇದ್ದರು. ಲಿಂಗಾಯತರ ದೇವರ ಹೆಸರಿಟ್ಟುಕೊಂಡ ನಾಟಕ ಸಂಘದ ಬುನಾದಿಯಲ್ಲಿ ಒಬ್ಬ ಸಾಹೇಬರು ಇದ್ದದ್ದು ನಮ್ಮ ಕಡೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನಾಟಕದ ಗುಂಪು ಹಾಗೆಯೇ ಕೂಡುವುದು. ಇವತ್ತಿಗೂ ನಮ್ಮ ಹಳ್ಳಿ ನಾಟಕದಲ್ಲಿ ಶಕುನಿ ಒಂದು ಕೇರಿಯವನು, ಕೃಷ್ಣ ಇನ್ನೊಂದು ಕೇರಿಯವನು. 1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿದ್ದಾಗಲೇ ಆ ಕಂಪನಿ ಸೇರಿ, 1917ರಲ್ಲಿ ಅದರ ಮಾಲೀಕರಾದರು. ಅಲ್ಲಿಂದ ಮುಂದೆ ಗುಬ್ಬಿ ಅಂದರೆ ವೀರಣ್ಣ, ವೀರಣ್ಣ ಅಂದರೆ ಗುಬ್ಬಿ.

ನಮ್ಮ ಜಿಲ್ಲೆ ಆ ಕಂಪನಿಗೆ ಹೆಸರನ್ನಷ್ಟೇ ಕೊಡಲಿಲ್ಲ. ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಕಂಪನಿಗೆ ‘ಸದಾರಮೆ’ ಬರೆದುಕೊಟ್ಟರು. ಅದರಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡಿದ ಮುದುಕರು ನಾನು ಹುಡುಗನಾಗಿದ್ದಾಗ ಇನ್ನೂ ಬದುಕಿದ್ದರು. ಪಾತ್ರದ ಮಾತು ಹೇಳುವಾಗ ಅವರ ಕಣ್ಣೂ ಕಳ್ಳನ ಕಣ್ಣಾಗುತ್ತಿತ್ತು. 1934ರ ಮಾರ್ಚಿನಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರೂ ಇದೇ ಶಾಸ್ತ್ರಿಗಳು. ಅದೇ ವರ್ಷ ವೀರಣ್ಣನವರು ‘ಕುರುಕ್ಷೇತ್ರ’ವನ್ನು ನಿಜವಾದ ಆನೆ-ಕುದುರೆಗಳನ್ನು ತಂದು ಆಡಿಸಿದರು. ಸಿನಿಮಾ ಬಂದ ವರ್ಷವೇ ಸಿನಿಮಾಕ್ಕಿಂತ ದೊಡ್ಡದನ್ನು ರಂಗದ ಮೇಲೆ ತೋರಿಸುತ್ತೇನೆ ಅನ್ನುವ ಹಟ ಅದರಲ್ಲಿ ಇತ್ತು ಅಂತ ನಾನು ನಂಬಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಇವತ್ತೂ ಮೆರೆಯುತ್ತಿರುವ ‘ಕುರುಕ್ಷೇತ್ರ’ದ ಹುಚ್ಚಿನ ಬೇರು ಅಲ್ಲಿದೆ.

ಈಗ ಪೆಟ್ಟಿಗೆಗೆ ಬರುತ್ತೇನೆ.

ಹಾರ್ಮೋನಿಯಂ ನಮ್ಮ ನೆಲದ ವಾದ್ಯವಲ್ಲ. 1840ರ ದಶಕದ ಮೊದಲಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬ್ಯಾಂ ಎಂಬಾತ ಅದಕ್ಕೆ ಪೇಟೆಂಟ್ ಪಡೆದ. ಇಂಗ್ಲಿಷರ ಜೊತೆ, ಪಾದ್ರಿಗಳ ಜೊತೆ ಇಲ್ಲಿಗೆ ಬಂತು. ಕಲ್ಕತ್ತದಲ್ಲಿ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವ ಹಾಗೆ ಮಾಡಿದರು. ಪಾರ್ಸಿ ಕಂಪನಿಗಳು, ಮರಾಠಿ ಕಂಪನಿಗಳು ನಾಟಕಕ್ಕೆ ಅದನ್ನು ಹಿಡಿದುಕೊಂಡವು. ಅವುಗಳಿಂದ ನಮ್ಮ ಕಂಪನಿಗಳಿಗೆ ಬಂತು. ಆದರೆ ನಾಟಕದವರಿಗೆ ಬೇಕಾದದ್ದು ಕಾಲಿನಿಂದ ತುಳಿಯುವ ಪೆಟ್ಟಿಗೆಯೇ. ಎರಡು ಕೈಯೂ ಬಿಡುವಾಗಿರುತ್ತವೆ. ಬಲಗೈ ಹಾಡಿನ ಜೊತೆ ಓಡಿದರೆ ಎಡಗೈ ಷಡ್ಜ-ಪಂಚಮ ಹಿಡಿದು ನಿಲ್ಲುತ್ತದೆ. ಕುರ್ಚಿಯ ಮೇಲೆ ಕೂರುವುದರಿಂದ ರಂಗದ ಮೇಲಿನ ನಟ ಪೂರ್ತಿ ಕಾಣುತ್ತಾನೆ. ಈ ಕೊನೆಯದೇ ಮುಖ್ಯ.

ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿ ನೋಡಿದರೆ ಸಾಲಾಗಿ ಹಿತ್ತಾಳೆಯ ರೀಡುಗಳು. ಒಂದೊಂದು ರೀಡಿನ ನಡುವೆ ತೆಳ್ಳಗಿನ ಒಂದು ನಾಲಿಗೆ. ಗಾಳಿ ಹಾದಾಗ ಅದು ನಡುಗುತ್ತದೆ, ಆ ನಡುಕವೇ ಸ್ವರ. ಒಳ್ಳೆಯ ರೀಡು ಅಂದರೆ ಗುಜರಾತಿನ ಪಾಲಿತಾಣದ್ದು. ನಾಲಿಗೆಯ ತುದಿಯನ್ನು ಅರದಿಂದ ಒಂದು ಗೀರು ಹೆರೆದರೆ ತೂಕ ಕಡಿಮೆಯಾಗಿ ಶ್ರುತಿ ಏರುತ್ತದೆ. ಬುಡದಲ್ಲಿ ಹೆರೆದರೆ ಬಿಗಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಕೈ ಒಂದು ಕೂದಲೆಳೆ ಹೆಚ್ಚಾದರೂ ರೀಡು ಹಾಳು. ನಮ್ಮ ಬಯಲು ನಾಟಕದಲ್ಲಿ ಪೆಟ್ಟಿಗೆಗೆ ಇನ್ನೊಂದು ಕಷ್ಟ ಇದೆ. ರಾತ್ರಿ ಎರಡು ಗಂಟೆಯ ಮೇಲೆ ಮಂಜು ಇಳಿದು ಮರ ಉಬ್ಬುತ್ತದೆ, ಒಂದೆರಡು ಮನೆ, ಅಂದರೆ ಕೀಗಳು, ಒತ್ತಿದ್ದು ಒತ್ತಿದ ಹಾಗೇ ನಿಂತುಬಿಡುತ್ತವೆ. ಆ ಹೊತ್ತಿಗೆ ಸರಿಯಾಗಿ ಕರ್ಣನ ಪ್ರವೇಶ ಇರುತ್ತದೆ. ಕರ್ಣನ ಪಾತ್ರಕ್ಕೆ ಒಳ್ಳೆಯ ಹಾಡುಗಾರನನ್ನೇ ಹಾಕಿರುತ್ತಾರೆ, ಅವನು ನಾಲ್ಕು ಮನೆಯ ಶ್ರುತಿಯಲ್ಲಿ ಎತ್ತುತ್ತಾನೆ. ಮೇಷ್ಟ್ರು ಎಡಗೈಯಲ್ಲಿ ಸಿಕ್ಕಿಕೊಂಡ ಮನೆಯನ್ನು ಎತ್ತಿ ಹಿಡಿದು ಬಲಗೈಯಲ್ಲೇ ಎರಡೂ ಕೆಲಸ ಮಾಡಬೇಕು.

ಕಂಪನಿ ನಾಟಕದ ಸಂಗೀತದಲ್ಲಿ ಎರಡು ಬಗೆ. ಒಂದು ತಾಳದ ಹಾಡು. ಪುಸ್ತಕದಲ್ಲಿ ಅದರ ನೆತ್ತಿಯ ಮೇಲೆ ರಾಗ, ತಾಳ, ಮಟ್ಟು ಎಂದು ಅಚ್ಚಾಗಿರುತ್ತದೆ. ಮಟ್ಟು ಅಂದರೆ ಆಗಲೇ ಜನರ ಬಾಯಲ್ಲಿರುವ ಯಾವುದೋ ಹಾಡಿನ ಧಾಟಿ. ಮರಾಠಿಯದಿರಬಹುದು, ಪಾರ್ಸಿಯವರದಿರಬಹುದು, ತ್ಯಾಗರಾಜರ ಕೀರ್ತನೆಯದಿರಬಹುದು. ಇನ್ನೊಂದು ಕಂದ, ವೃತ್ತ, ಸೀಸಪದ್ಯ. ಇದಕ್ಕೆ ತಾಳ ಇಲ್ಲ. ನಟ ತನಗೆ ಬೇಕಾದ ಕಡೆ ನಿಲ್ಲುತ್ತಾನೆ, ಬೇಕಾದ ಕಡೆ ಎಳೆಯುತ್ತಾನೆ. ತಬಲದವನು ಕೈ ಕಟ್ಟಿ ಕೂರುತ್ತಾನೆ, ಪೆಟ್ಟಿಗೆಯೊಂದೇ ಅವನ ಬೆನ್ನಿಗೆ. ನನ್ನ ಗುರುಗಳು ಮೊದಲು ಕಲಿಸಿದ್ದು ಇದನ್ನೇ: ಪದ್ಯ ಹೇಳುವವನ ಬಾಯಿ ನೋಡಬೇಡ, ಎದೆ ನೋಡು. ಎದೆ ತುಂಬಿದ್ದು ಕಂಡರೆ ಉದ್ದ ಎಳೆಯುತ್ತಾನೆ ಅಂತ ಗೊತ್ತು, ಬೆಲೋಸಿನಲ್ಲಿ ಗಾಳಿ ತುಂಬಿಕೊಂಡಿರು. ಅರ್ಧ ಎದೆಯಲ್ಲೇ ಎತ್ತಿದರೆ ಬೇಗ ಇಳಿಯುತ್ತಾನೆ, ನೀನು ಮೊದಲೇ ಷಡ್ಜಕ್ಕೆ ಬಂದು ಕಾದಿರು. ಸ್ವರಜ್ಞಾನ ಆಮೇಲೆ ಬಂತು. ಮೊದಲು ಬಂದದ್ದು ಇನ್ನೊಬ್ಬರ ಉಸಿರಿನ ಜ್ಞಾನ.

ಗುರುಗಳು ಸಣ್ಣಪುಟ್ಟ ಕಂಪನಿಗಳಲ್ಲಿ ಊರೂರು ತಿರುಗಿದವರು. ಪೆಟ್ಟಿಗೆಗೆ ಕೂರುವ ಮೊದಲು ಅವರು ಸೈಡ್ ವಿಂಗಿನ ಹುಡುಗ. ಅಲ್ಲಿನ ಕೆಲಸವೆಲ್ಲ ಸದ್ದಿನದು. ದೊಡ್ಡ ತಗಡಿನ ಹಾಳೆಯನ್ನು ಮೇಲಿನಿಂದ ನೇತುಹಾಕಿ ಬುಡ ಹಿಡಿದು ಅಲುಗಾಡಿಸಿದರೆ ಗುಡುಗು. ಮೊರದಲ್ಲಿ ಕಾಳು ಹೊರಳಿಸಿದರೆ ಮಳೆ. ತೆಂಗಿನ ಕರಟ ಎರಡನ್ನು ಹಲಗೆಯ ಮೇಲೆ ತಟ್ಟಿದರೆ ಕುದುರೆಯ ಓಟ. ದೂರದ ಕುದುರೆಗೆ ಹಲಗೆಯ ಮೇಲೆ ಗೋಣಿತಾಟು ಹಾಸಬೇಕು. ಗದೆಗೆ ಗದೆ ತಾಗಿದಾಗ ಒಳಗೆ ಕಬ್ಬಿಣದ ಪಟ್ಟಿಯ ಮೇಲೆ ಸುತ್ತಿಗೆ ಬೀಳಬೇಕು, ಒಂದು ಚೂರು ಮುಂದೂ ಆಗಬಾರದು ಹಿಂದೂ ಆಗಬಾರದು. ಗುರುಗಳು ಇದನ್ನು ಹೇಳುವಾಗ ಕೈಯಲ್ಲೇ ಎಲ್ಲ ಮಾಡಿ ತೋರಿಸುತ್ತಿದ್ದರು. ಅದನ್ನು ಯಾರೂ ಸಂಗೀತ ಅನ್ನುತ್ತಿರಲಿಲ್ಲ. ಜಾಹೀರಾತಿನ ಹಾಳೆಯಲ್ಲಿ ಹಾರ್ಮೋನಿಯಂನವರ ಹೆಸರು, ತಬಲದವರ ಹೆಸರು ಬರುತ್ತಿತ್ತು. ಕರಟ ಹಿಡಿದ ಹುಡುಗನ ಹೆಸರು ಎಲ್ಲೂ ಇಲ್ಲ.

ಇದೇ ಕಾಲಕ್ಕೆ ಪೆಟ್ಟಿಗೆಗೂ ದೊಡ್ಡ ಅವಮಾನವೊಂದು ಆಗಿತ್ತು. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದರಲ್ಲಿ ಸ್ವರ ಜಾರುವುದಿಲ್ಲ, ಗಮಕ ಬರುವುದಿಲ್ಲ, ಶ್ರುತಿ ಪಾಶ್ಚಾತ್ಯರದು ಅನ್ನುವುದು ಕಾರಣ. ಮಾತು ನಿಜವೇ, ಪೆಟ್ಟಿಗೆಯಲ್ಲಿ ತೋಡಿಯ ಗಾಂಧಾರ ಬರುವುದಿಲ್ಲ ಅಂತ ನಮಗೂ ಗೊತ್ತು. ಆದರೆ ಸಾವಿರ ಜನ ಕೂತ ಟೆಂಟಿನಲ್ಲಿ, ಮೈಕಿಲ್ಲದ ಕಾಲದಲ್ಲಿ, ಕೊನೆಯ ಸಾಲಿನ ನಾಲ್ಕಾಣೆ ಗಿರಾಕಿಗೆ ಶ್ರುತಿ ಮುಟ್ಟಿಸಿದ್ದು ಯಾವ ವೀಣೆ? ಆ ನಿಷೇಧ ಸಡಿಲವಾದದ್ದು 1971ರಲ್ಲಿ. ರೇಡಿಯೋ ಮುಟ್ಟದ ವಾದ್ಯವನ್ನು ಮೂವತ್ತು ವರ್ಷ ಹೊತ್ತು ಕಾಪಾಡಿದವರಲ್ಲಿ ನಾಟಕದವರು ಮುಂದಿನ ಸಾಲಿನವರು.

ಅಂಥ ಕಾಲದಲ್ಲಿ, ರೇಡಿಯೋದಲ್ಲಿ ಪೆಟ್ಟಿಗೆ ಕೇಳದ, ಕಂಪನಿಯಲ್ಲಿ ಪೆಟ್ಟಿಗೆಯೇ ದೇವರಾಗಿದ್ದ ಕಾಲದಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗನೊಬ್ಬ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಬಾಬುಕೋಡಿ ವೆಂಕಟರಮಣ ಕಾರಂತ. ಅಲ್ಲಿ ಅವರ ಓರಗೆಯ ಇನ್ನೊಬ್ಬ ಹುಡುಗ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಮುಂದೆ ರಾಜ್‌ಕುಮಾರ್ ಆದವರು. ಜಿ.ವಿ. ಅಯ್ಯರ್, ಬಾಲಕೃಷ್ಣ, ನಮ್ಮ ತಿಪಟೂರಿನ ನರಸಿಂಹರಾಜು ಎಲ್ಲರೂ ಆ ಛತ್ರದ ಅನ್ನ ಉಂಡವರೇ. ಯಕ್ಷಗಾನದ ಚಂಡೆ ಕೇಳಿಕೊಂಡು ಬೆಳೆದ ಹುಡುಗ ಕಾರಂತರು. ಇಲ್ಲಿ ಬಂದು ಕೇಳಿದ್ದು ಪೆಟ್ಟಿಗೆಯ ಪಾರ್ಸಿ ಧಾಟಿ, ಕಂದಪದ್ಯದ ಎಳೆತ, ಸೈಡ್ ವಿಂಗಿನ ಗುಡುಗು. ಮುಂದೆ ಅವರು ಮಾಡಿದ್ದೆಲ್ಲದರ ಸಾಮಾನು ಆ ಮೂರರಲ್ಲೇ ಇದೆ ಅನ್ನುತ್ತೇನೆ.

ವೀರಣ್ಣನವರ ದೊಡ್ಡತನ ಇಲ್ಲಿ ಕಾಣುತ್ತದೆ. ಕೈಗೆ ಸಿಕ್ಕ ಚುರುಕು ಹುಡುಗನನ್ನು ಕಂಪನಿಯಲ್ಲೇ ಇಟ್ಟುಕೊಳ್ಳದೆ ಓದಲು ಬನಾರಸಿಗೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿ ಎಂ.ಎ. ಮಾಡಿದರು, ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ 1962ರಲ್ಲಿ ಹೊರಬಂದರು. ಆಮೇಲೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಟ್ಟರು. ಮಕ್ಕಳ ನಾಟಕ ಮಾಡಿಸಿದವರಿಗೆ ಗೊತ್ತು: ಮಕ್ಕಳಿಗೆ ರಾಗ ಬರುವುದಿಲ್ಲ, ಆದರೆ ಬೆಂಚು ಬಡಿಯಲು ಹೇಳಿಕೊಡಬೇಕಾಗಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಲಯ ಹುಟ್ಟಿಸುವ ಕಲೆ ಅಲ್ಲಿ ಅವರಿಗೆ ಇನ್ನಷ್ಟು ಮಾಗಿರಬೇಕು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಅವರು ಮೂರು ನಾಟಕ ಆಡಿಸಿದರು: ಲಂಕೇಶರ ‘ಈಡಿಪಸ್’ ಮತ್ತು ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’. ಹೊಸ ಕನ್ನಡ ರಂಗಭೂಮಿಯ ಕಥೆ ಹೇಳುವವರೆಲ್ಲ ಅಲ್ಲಿಂದಲೇ ಲೆಕ್ಕ ಹಾಕುತ್ತಾರೆ. ವೀರಣ್ಣನವರಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ, ಅಕ್ಟೋಬರ್ 18ರಂದು ತೀರಿಕೊಂಡದ್ದೂ ಅದೇ ವರ್ಷ. 1974ರಲ್ಲಿ ಕಾರಂತರ ತಂಡ ‘ಬೆನಕ’ ಶುರುವಾಯಿತು. ಶ್ರೀರಂಗರ ‘ಸತ್ತವರ ನೆರಳು’, ಕಾರ್ನಾಡರ ‘ಹಯವದನ’ ಬಂದವು. 1977ರಿಂದ 1981ರವರೆಗೆ ಕಾರಂತರು ತಾವು ಓದಿದ ನಾಟಕ ಶಾಲೆಗೇ ನಿರ್ದೇಶಕರು. 1979ರಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಅನ್ನು ಯಕ್ಷಗಾನದ ನಡೆಯಲ್ಲಿ ‘ಬರ್ನಂ ವನ’ವಾಗಿ ಹಿಂದಿಯಲ್ಲಿ ಆಡಿಸಿದರು. ಆಮೇಲೆ ಭೋಪಾಲದ ಭಾರತ ಭವನದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಸಿನಿಮಾದಲ್ಲೂ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ದ ಸಂಗೀತಕ್ಕೆ ಒಂದರ ಹಿಂದೆ ಒಂದು ರಾಷ್ಟ್ರಪ್ರಶಸ್ತಿ. ಅವರೇ ನಿರ್ದೇಶಿಸಿದ ‘ಚೋಮನ ದುಡಿ’ 1975ರ ಸ್ವರ್ಣಕಮಲ ಪಡೆಯಿತು. ಇಷ್ಟು ಸಾಕು, ಪ್ರಶಸ್ತಿಯ ಪಟ್ಟಿಯಿಂದ ಸಂಗೀತ ಕೇಳುವುದಿಲ್ಲ.

ನಾನು ‘ಸತ್ತವರ ನೆರಳು’ ನೋಡಿದ್ದು ಅದು ಹುಟ್ಟಿ ಎಷ್ಟೋ ವರ್ಷದ ಮೇಲೆ, ಬೆನಕದವರು ಮತ್ತೆ ಆಡಿದಾಗ. ತುಮಕೂರಿನಿಂದ ಪುಷ್‌ಪುಲ್ ರೈಲು ಹಿಡಿದು ಹೋಗಿದ್ದೆ. ಕಂಪನಿ ನಾಟಕದವನ ಕಣ್ಣು ಮೊದಲು ಹೋಗುವುದು ಸಂಗೀತದವರು ಎಲ್ಲಿ ಕೂತಿದ್ದಾರೆ ಅನ್ನುವ ಕಡೆಗೆ. ನಮ್ಮಲ್ಲಿ ಅವರ ಜಾಗ ರಂಗದ ಕೆಳಗೆ, ಜನರಿಗೆ ಬೆನ್ನು ಹಾಕಿಕೊಂಡು. ಅಲ್ಲಿ ಹಾಗಿರಲಿಲ್ಲ. ಹಾಡುವವರೂ ಆಡುವವರೂ ಒಂದೇ ಗುಂಪು. ಮಠದ ಒಳಗಿನ ರಾಜಕೀಯದ ನಾಟಕ ಅದು. ಅದರ ಮೈಗೆ ದಾಸರ ಪದಗಳನ್ನು ಹೊಲಿದಿದ್ದರು. ಆ ಪದಗಳನ್ನು ನಾನು ಕಛೇರಿಯಲ್ಲಿ ಕೇಳಿದ್ದೆ, ಭಜನೆಯಲ್ಲಿ ಕೇಳಿದ್ದೆ. ಇಲ್ಲಿ ಭಜನೆಯ ಧಾಟಿಯೇ ಇದ್ದರೂ ಅದು ಪಾತ್ರಗಳ ಮೇಲೆ ಆರೋಪ ಹೊರಿಸುತ್ತಿತ್ತು. ಒಂದು ಪದ ಮುಗಿಯುವ ಮೊದಲೇ ಮಾತು ಶುರುವಾಗುತ್ತಿತ್ತು, ಮಾತು ಮುಗಿಯುವ ಮೊದಲೇ ತಾಳ ಬರುತ್ತಿತ್ತು. ಎಲ್ಲಿ ಹಾಡು ನಿಂತು ಎಲ್ಲಿ ಮಾತು ಶುರುವಾಯಿತು ಅಂತ ಗೆರೆ ಎಳೆಯಲು ಆಗಲಿಲ್ಲ. ನಮ್ಮ ನಾಟಕದಲ್ಲಿ ಆ ಗೆರೆ ಗಟ್ಟಿಯಾಗಿದೆ: ಮಾತು ನಿಲ್ಲುತ್ತದೆ, ಮೇಷ್ಟ್ರು ಶ್ರುತಿ ಕೊಡುತ್ತಾರೆ, ನಟ ಒಂದು ಹೆಜ್ಜೆ ಮುಂದೆ ಬಂದು ಹಾಡುತ್ತಾನೆ, ‘ಒನ್ಸ್ ಮೋರ್’ ಬಂದರೆ ಸತ್ತವನೂ ಎದ್ದು ಇನ್ನೊಂದು ಸಲ ಹಾಡುತ್ತಾನೆ.

ಆದರೂ ನನಗೆ ಅಲ್ಲಿ ಅಪರಿಚಿತ ಅನ್ನಿಸಿದ್ದು ಏನೂ ಇರಲಿಲ್ಲ. ಗುಂಪು ಉಸಿರು ಎಳೆದುಕೊಂಡು ಹಾಡನ್ನು ಎತ್ತುವ ರೀತಿ, ತಾಳ ಬಿಟ್ಟು ಪದವನ್ನು ಎಳೆಯುವ ರೀತಿ ಕಂದಪದ್ಯದವನ ಎದೆಯದೇ. ಕಾರಂತರ ನಾಟಕಗಳಲ್ಲಿ ಕಲ್ಲು ಕಲ್ಲಿಗೆ ಕುಟ್ಟುವುದು, ಬಿದಿರು ಬಡಿಯುವುದು, ತಗಡು ಝಣಗುಡುವುದು ಎಲ್ಲ ಸೈಡ್ ವಿಂಗಿನದೇ. ವ್ಯತ್ಯಾಸ ಇಷ್ಟು: ಕಂಪನಿಯಲ್ಲಿ ಕರಟದ ಸದ್ದು ಕುದುರೆ ಅಂತ ಜನ ನಂಬಬೇಕು, ಕರಟ ಕಾಣಬಾರದು. ಕಾರಂತರಲ್ಲಿ ಕಲ್ಲು ಕಲ್ಲೇ. ಜನ ಅದನ್ನು ನೋಡುತ್ತಾ ಕೇಳುತ್ತಾರೆ. ಅದು ಯಾವುದೋ ಒಂದರ ನಕಲಾಗಿ ಬರದೆ ಆ ಗಳಿಗೆಯ ಭಾವವಾಗಿ ಬರುತ್ತದೆ. ಹೆಸರೇ ಇಲ್ಲದಿದ್ದ ಸೈಡ್ ವಿಂಗಿನ ಹುಡುಗನಿಗೆ ಒಬ್ಬ ದೊಡ್ಡ ಮನುಷ್ಯ ಕೊನೆಗೂ ಕುರ್ಚಿ ಹಾಕಿಸಿದರು. ನನ್ನ ಗುರುಗಳು ಅದನ್ನು ನೋಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ರಾಕ್ ತಂಡವೊಂದರಲ್ಲಿ ಗಿಟಾರ್ ಬಾರಿಸುತ್ತಾನೆ. ಅವನ ಹತ್ತಿರ ಈ ಮಾತು ಆಡಿದಾಗ, ‘ಮಾವ, ನಮ್ಮಲ್ಲೂ ಇಂಥೋರು ಇದ್ದಾರೆ, ನೋಡಿ’ ಅಂತ ಫೋನು ಹಿಡಿದು ತೋರಿಸಿದ. ನ್ಯೂಯಾರ್ಕಿನ ಸೋನಿಕ್ ಯೂತ್ ಅನ್ನುವ ತಂಡ. 1981ರಲ್ಲಿ ಶುರುವಾಗಿ 2011ರ ತನಕ ನಡೆಯಿತಂತೆ. ಅವರು ಗಿಟಾರನ್ನು ರೂಢಿಯ ಶ್ರುತಿಗೆ ಕಟ್ಟುತ್ತಿರಲಿಲ್ಲ. ತಂತಿಯ ಕೆಳಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಬಾರಿಸುತ್ತಿದ್ದರು. ಅದರ ಗಿಟಾರಿಗರಲ್ಲಿ ಒಬ್ಬರಾದ ಲೀ ರನಾಲ್ಡೊ ಒಬ್ಬರೇ ಕಾರ್ಯಕ್ರಮ ಕೊಡುವಾಗ ಗಿಟಾರನ್ನು ಮೇಲಿನಿಂದ ಹಗ್ಗದಲ್ಲಿ ನೇತುಹಾಕಿ, ಅದನ್ನು ತೂಗಿಬಿಟ್ಟು, ಕಮಾನಿನಿಂದ ತೀಡುತ್ತಾರೆ, ಬಡಿಯುತ್ತಾರೆ. ಮೊದಲು ನನಗೆ ಕಂಡದ್ದು ಗುರುಗಳು ಹೇಳಿದ ನೇತುಹಾಕಿದ ತಗಡಿನ ಹಾಳೆ. ‘ಇವರು ಎಷ್ಟು ವರ್ಷ ತಂಡದಲ್ಲಿ ಇದ್ದರಪ್ಪ?’ ಅಂದೆ. ‘ಮೂವತ್ತು ವರ್ಷ’ ಅಂದ. ಅದೇ ನನಗೆ ಬೇಕಾಗಿದ್ದ ಉತ್ತರ. ಒಬ್ಬಂಟಿಯಾಗಿ ಹೊಸದು ಮಾಡುವವನ ಕೈಯಲ್ಲಿ ಹತ್ತು ಜನರ ಜೊತೆ ಬಾರಿಸಿದ ವರ್ಷಗಳು ಇರುತ್ತವೆ. ತಂಗಿಯ ಮಗ ಇನ್ನೂ ಇಪ್ಪತ್ತೈದರ ಹುಡುಗ, ತಂಡ ಬಿಟ್ಟು ಒಬ್ಬನೇ ಏನಾದರೂ ಮಾಡಬೇಕು ಅನ್ನುವ ಆಸೆ ಅವನಿಗೆ. ಇನ್ನೂ ಸ್ವಲ್ಪ ದಿನ ಜೊತೆಯವರ ಉಸಿರು ಕೇಳು ಅಂತ ಹೇಳಿದ್ದೇನೆ.

ಕಾರಂತರ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅವರ ದಾರಿ ಒಬ್ಬರದೇ ಆದರೂ ಅವರು ಒಬ್ಬರೇ ಕೂತು ಬಾರಿಸಿದವರಲ್ಲ. ತಾಲೀಮಿನಲ್ಲಿ ಹುಡುಗರ ಮಧ್ಯೆ ಪೆಟ್ಟಿಗೆ ಇಟ್ಟುಕೊಂಡು ಧಾಟಿ ಕಟ್ಟುತ್ತಿದ್ದರು. ಓಂಕಾರನಾಥರ ಶಿಷ್ಯ ಕೊನೆಯ ತನಕ ಕೈಯಿಂದ ಬಿಡದಿದ್ದದ್ದು ರೇಡಿಯೋದವರು ಹೊರಗಿಟ್ಟಿದ್ದ ಅದೇ ಹಾರ್ಮೋನಿಯಂ ಅನ್ನು. 2002ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡರು. ಕಂಪನಿಯ ರಕ್ತವೇ ಹರಿದ ಇನ್ನೊಬ್ಬರು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ಅವರೂ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದು 1976ರಲ್ಲಿ ‘ಸ್ಪಂದನ’ ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ಯಲ್ಲಿ ಅವರ ದನಿ ಕೇಳಿದರೆ ಮೈಕಿಲ್ಲದ ಕಾಲದ ಎದೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಹೊಸ ನಾಟಕ ಮಾಡಿಯೂ ಅಜ್ಜನ ಕಂಪನಿಯ ಹಾಡನ್ನು ಅವರು ಒಂದು ದಿನಕ್ಕೂ ಹಳತು ಅಂತ ಬದಿಗಿಡಲಿಲ್ಲ.

ನಮ್ಮ ಊರುಗಳಲ್ಲಿ ಇವತ್ತು ಏನಾಗಿದೆ? ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ. ಪೌರಾಣಿಕ ನಾಟಕಗಳು ಅಲ್ಲಿ ನಡೆಯುತ್ತಲೇ ಇರುತ್ತವೆ, ಜನ ಬುತ್ತಿ ಕಟ್ಟಿಕೊಂಡು ಬಂದು ನೋಡುತ್ತಾರೆ. ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಮೇಕಪ್ಪಿನವರಿಗೆ ಕೈತುಂಬ ಕೆಲಸ. ಪಾತ್ರಕ್ಕೆ ಇಷ್ಟು ಅಂತ ನಟರೇ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ವಿದುರನಿಗೆ ಕಡಿಮೆ. ಅಂದರೆ ಈ ಕಲೆ ಸತ್ತಿದೆ ಅನ್ನುವ ಮಾತು ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. ಆದರೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ತಬಲದ ಪಕ್ಕಕ್ಕೆ ರಿದಂ ಪ್ಯಾಡ್ ಬಂದಿದೆ. ಗುಡುಗಿಗೆ ಒಂದು ಗುಂಡಿ, ಕುದುರೆಗೆ ಒಂದು ಗುಂಡಿ, ಗದೆಗೆ ಒಂದು, ಶಂಖಕ್ಕೆ ಒಂದು. ಹುಲಿಯೂರುದುರ್ಗದಲ್ಲಿ ಕೇಳಿದ ಗುಡುಗೇ ನಿಟ್ಟೂರಿನಲ್ಲೂ ಕೇಳುತ್ತದೆ, ಅಮೃತೂರಿನಲ್ಲೂ ಕೇಳುತ್ತದೆ, ಒಂದು ಚೂರೂ ಹೆಚ್ಚುಕಡಿಮೆ ಇಲ್ಲದೆ. ಪರದೆಯ ಮುಂದೆ ಬಂದಿದ್ದ ಸದ್ದು ಮತ್ತೆ ಡಬ್ಬಿಯೊಳಗೆ ಹೋಗಿ ಕೂತಿತು.

ಇದಕ್ಕೆ ಮೊದಲೂ ನಮ್ಮ ಸೀಮೆಯಲ್ಲಿ ಇಂಥದ್ದೊಂದು ನಡೆದಿತ್ತು. ಮೂಡಲಪಾಯದ ಬಯಲಾಟದಲ್ಲಿ ಭಾಗವತರ ಪಕ್ಕ ಮುಖವೀಣೆ ಇರುತ್ತಿತ್ತು. ಹೆಸರಿಗೆ ವೀಣೆ, ನಿಜಕ್ಕೆ ಊದುವ ವಾದ್ಯ. ನಾಗಸ್ವರದ ಚಿಕ್ಕ ತಂಗಿಯಂತೆ, ಸೀಳುದನಿ. ಕಂಪನಿ ನಾಟಕದ ಹಾರ್ಮೋನಿಯಂ ಹಳ್ಳಿಗೆ ಬಂದ ಮೇಲೆ ಮುಖವೀಣೆ ಹಿಂದೆ ಸರಿಯಿತು. ಪೆಟ್ಟಿಗೆಯವನಾಗಿ ನಾನು ಇದನ್ನು ಹೇಳಲೇಬೇಕು. ಹಾಡಿನಲ್ಲೂ ಹೀಗೇ ಆಯಿತು. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡನ್ನು ನಾಡೆಲ್ಲ ಹಾಡುತ್ತಾರೆ. ನಮ್ಮ ಅವ್ವಂದಿರು ಕಳೆ ಕೀಳುತ್ತಾ ಹಾಡುವಾಗ ಅದರಲ್ಲಿ ಪೆಟ್ಟಿಗೆಯ ಯಾವ ಮನೆಗೂ ಸೇರದ ಒಂದು ಸ್ವರ ಇರುತ್ತಿತ್ತು. ಪೆಟ್ಟಿಗೆಯ ಜೊತೆ ಕಲಿತ ಹುಡುಗಿಯರ ಬಾಯಲ್ಲಿ ಅದು ಬರುವುದಿಲ್ಲ.

ಕಾರಂತರ ಹೆಸರಿನಲ್ಲಿ ನಡೆಯುವ ಶಿಬಿರಗಳಿಗೆ ನಗರದ ಕಾಲೇಜು ಹುಡುಗರು ಬರುತ್ತಾರೆ, ಒಳ್ಳೆಯದೇ. ಡ್ರಾಮಾ ಮೇಷ್ಟ್ರುಗಳನ್ನು ಅಲ್ಲಿಗೆ ಕರೆದದ್ದು ನಾನು ಕಂಡಿಲ್ಲ. ನಮ್ಮ ಮೇಷ್ಟ್ರುಗಳಿಗೂ ಕಾರಂತರು ಅಂದರೆ ‘ಅದು ಹವ್ಯಾಸಿಗಳದ್ದು ಕಣಪ್ಪ’ ಅನ್ನುವ ದೂರ. ಎರಡೂ ಕಡೆಯವರು ಒಂದೇ ಮನೆಯವರು ಅಂತ ಗೊತ್ತಿಲ್ಲದೆ ಬೇರೆ ಬೇರೆ ಜಗುಲಿಯಲ್ಲಿ ಕೂತಿದ್ದಾರೆ. ಹಳ್ಳಿಯ ದುರ್ಯೋಧನನ ಕಂದಪದ್ಯವನ್ನು ಆ ಶಿಬಿರದ ಹುಡುಗರು ಕೇಳಬೇಕು. ಅವರು ಕಲ್ಲು ಕುಟ್ಟುವುದನ್ನು ನಮ್ಮ ತಬಲದವರು ನೋಡಬೇಕು. ಗುಬ್ಬಿಯಲ್ಲೇ ಇದು ಆಗಬೇಕು ಅನ್ನುವುದು ನನ್ನ ಆಸೆ, ಚನ್ನಬಸವೇಶ್ವರನ ಜಾತ್ರೆಯ ಆಸುಪಾಸಿನಲ್ಲಿ.

ಈ ಸಲ ಕುಣಿಗಲ್ ತಾಲ್ಲೂಕಿನ ಒಂದು ಊರಿನಲ್ಲಿ ತಾಲೀಮು ನಡೆಸುತ್ತಿದ್ದೇನೆ. ಗದಾಯುದ್ಧದ ಸೀನಿಗೆ ಪ್ಯಾಡ್ ಬೇಡ ಅಂತ ಭೀಮನ ಪಾತ್ರದ ಹುಡುಗನೇ ಮೊದಲು ಹೇಳಿದ. ಅವನು ವೆಲ್ಡಿಂಗ್ ಕೆಲಸದವನು, ಕಬ್ಬಿಣದ ಸದ್ದು ಅವನಿಗೆ ಗೊತ್ತು. ದುರ್ಯೋಧನನ ಪಾತ್ರ ಮಾಡುವವರು ಹಿರಿಯರು, ಹಳೆಯ ಪಟ್ಟು. ‘ಮೇಷ್ಟ್ರೇ, ಸಾವ್ರಾರು ರೂಪಾಯ್ ಹಾಕಿದೀನಿ, ನನ್ ಸೀನ್ನಾಗೆ ಗುಜರಿ ಸದ್ದು ಮಾಡಿಸ್ಬೇಡಿ’ ಅಂದರು. ಹಳೆಯ ಶಾಲೆಗಳಲ್ಲಿ ಗಂಟೆಯ ಬದಲು ನೇತುಹಾಕುತ್ತಿದ್ದ ರೈಲು ಕಂಬಿಯ ತುಂಡು ಊರಿನಲ್ಲಿ ಇನ್ನೂ ಒಂದಿತ್ತು. ಅದನ್ನು ರಂಗದ ಪಕ್ಕದ ಬೇವಿನ ಕೊಂಬೆಗೆ ಕಟ್ಟಿ, ಜನಕ್ಕೆ ಕಾಣುವ ಹಾಗೆ, ತಬಲದ ಹುಡುಗನ ಕೈಗೆ ಸುತ್ತಿಗೆ ಕೊಟ್ಟೆವು. ಗದೆ ಮೇಲೆದ್ದಾಗ ಒಂದು ಏಟು. ಅದರ ಗುಂಯ್ ಅನ್ನುವುದು ಅಡಗುವ ತನಕ ಇಬ್ಬರೂ ಸುತ್ತು ಹಾಕಬೇಕು, ಅಡಗಿದ ಮೇಲೆ ಮುಂದಿನ ಏಟು. ಕಂಬಿ ನಾಲ್ಕು ಮನೆಯ ಷಡ್ಜಕ್ಕಿಂತ ಸ್ವಲ್ಪ ಕೆಳಗೆ ನುಡಿಯುತ್ತದೆ. ಅದನ್ನು ಹೆರೆದು ಏರಿಸುವುದು ಆಗದ ಮಾತು, ಆದ್ದರಿಂದ ಆ ಸೀನಿನ ಹೊತ್ತಿಗೆ ನಾನೇ ಪೆಟ್ಟಿಗೆಯನ್ನು ಮೂರು ಮನೆಗೆ ಇಳಿಸಿಕೊಳ್ಳುತ್ತೇನೆ. ಹಿರಿಯರು ಎರಡು ತಾಲೀಮು ನೋಡಿ ಒಪ್ಪಿದರು, ಒಂದು ಷರತ್ತಿನ ಮೇಲೆ: ತೊಡೆ ಮುರಿದು ಬಿದ್ದ ಮೇಲಿನ ಅವರ ಕಂದಪದ್ಯಕ್ಕೆ ಕಂಬಿಯೂ ಬೇಡ, ತಬಲವೂ ಬೇಡ, ಪೆಟ್ಟಿಗೆಯೊಂದೇ ಇರಬೇಕು. ಅದಕ್ಕೆ ನನ್ನದೇನೂ ತಕರಾರಿಲ್ಲ. ಆ ಪದ್ಯಕ್ಕೆ ಅಷ್ಟೇ ಸಾಕು ಅಂತ ನನಗೂ ಅನ್ನಿಸುತ್ತದೆ. ಶನಿವಾರ ಮತ್ತೆ ತಾಲೀಮು ಇದೆ, ಭೀಮನ ಹುಡುಗ ಇನ್ನೂ ದಪ್ಪದ ಒಂದು ಕಂಬಿ ಹುಡುಕಿ ತರುತ್ತೇನೆ ಅಂದಿದ್ದಾನೆ.